ತೊಳೆದರೂ ಹೋಗದ ಹೆಸರು

ನಮ್ಮ ಲಾಂಡ್ರಿಯಲ್ಲಿ ಗಿರಾಕಿಗಳಿಗೆ ಸ್ವಂತ ಹೆಸರಿಲ್ಲ. ಬಟ್ಟೆ ಬಂದ ಕೂಡಲೇ ಅತ್ತೆ ಹೆಬ್ಬೆರಳಗಲದ ಬಿಳಿ ಪಟ್ಟಿಯ ಮೇಲೆ, ತೊಳೆದರೂ ಹೋಗದ ಶಾಯಿಯಲ್ಲಿ ಒಂದು ಗುರುತು ಬರೆದು ಕಾಲರಿನೊಳಗೆ ಹೊಲಿಯುತ್ತಾರೆ. ಸದಾ ಗಂಟಲು ಸರಿಮಾಡಿಕೊಳ್ಳುವ ಮೇಷ್ಟ್ರು 'ಕೆಮ್ಮು'. ತಮಗಿಂತ ಮೊದಲು ಹೊಟ್ಟೆಯನ್ನು ಬಾಗಿಲಿಗೆ ಕಳಿಸುವ ಬ್ಯಾಂಕಿನವರು 'ಗುಡಾಣ'. ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ, ಒಂದೇ ಐಬಿನವರು ಸಿಗುವುದು ಕಷ್ಟ ಎಂಬುದು ಅತ್ತೆಯ ವಾದ. ಮೂವತ್ತು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋಗಿಲ್ಲ.

ಮನೆಯವರಿಗೂ ಅದೇ ಶಾಯಿ. ನನ್ನ ಗಂಡ 'ತೊದ್ಲ'. ಅವನ ತೊದಲು ಒಂಬತ್ತನೇ ವಯಸ್ಸಿಗೇ ಬಿಟ್ಟುಹೋಯಿತು, ಹೆಸರು ಬಿಡಲಿಲ್ಲ. ನಾನು 'ಜೊಂಪು'. ಮದುವೆಯಾದ ವಾರದಲ್ಲೇ, ಇಸ್ತ್ರಿಯ ಹಬೆಯೊಳಗೆ ನಮ್ಮಜ್ಜಿಯ ಕಥೆಗಳ ಮೋಡದರಮನೆ ಕಂಡು ಮೈಮರೆತಿದ್ದೆ. ಯಾರದೋ ಪ್ಯಾಂಟಿನ ಮೊಣಕಾಲು ಸುಟ್ಟುಹೋಯಿತು.

ಆ ಹೆಸರನ್ನು ನುಂಗಿಕೊಂಡಿದ್ದೆ. ಆದರೆ ಮಗಳು ಹುಟ್ಟಿದಾಗ ಎರಡು ಕೇಜಿಗೂ ಕಡಿಮೆ ಇದ್ದಳು. ಅತ್ತೆ ಎತ್ತಿಕೊಳ್ಳಲೂ ಇಲ್ಲ. ಬಗ್ಗಿ ನೋಡಿ, "ಪೀಚು" ಎಂದರು. ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಎಂಟು ಪುಟ್ಟ ಅಂಗಿಗಳ ಕುತ್ತಿಗೆಯೊಳಗೆ ಪೀಚು ಕಾದು ಕೂತಿತ್ತು.

ನಾನು ಕತ್ತರಿ ಹಿಡಿದು ಬಿಚ್ಚುತ್ತಿದ್ದೆ. ಅವರು ಮತ್ತೆ ಹೊಲಿಯುತ್ತಿದ್ದರು. ಇಪ್ಪತ್ತು ದಿನದಲ್ಲಿ ಆ ಅಂಗಿಗಳ ಕುತ್ತಿಗೆ ಜರಡಿಯಾಯಿತು.

ನನ್ನ ಮನಸ್ಸಿನಲ್ಲಿದ್ದದ್ದೂ ಎರಡೇ ಅಕ್ಷರ: ಇನಿ. ಅಜ್ಜಿಯ ಕಥೆಯೊಂದರ ಏಳನೇ ತಂಗಿ. ಆ ಕಥೆಯ ರಾಕ್ಷಸಿ ಜನರನ್ನು ಹಿಡಿಯುತ್ತಿದ್ದುದು ಅವರ ಹೆಸರಿನಿಂದ. ಆರು ಅಕ್ಕಂದಿರ ಉದ್ದುದ್ದ ಹೆಸರುಗಳನ್ನು ಜಡೆ ಹಿಡಿದಂತೆ ಹಿಡಿದು ಎಳೆದೊಯ್ದಳಂತೆ. ಇನಿಯದು ಮಾತ್ರ ಅವಳ ಮುಷ್ಟಿ ತುಂಬಲಿಲ್ಲವಂತೆ, ಬೆರಳ ಸಂದಿಯಿಂದ ಜಾರಿಬಿಟ್ಟಿತಂತೆ. ಗಂಡನಿಗೆ ಇದನ್ನೆಲ್ಲ ಹೇಳಿದೆ. ಚೆನ್ನಾಗಿದೆ ಅಂದ. ಅಮ್ಮನ ಹತ್ತಿರ ನೀನೇ ಮಾತಾಡು ಅಂದವನೇ ಬಟ್ಟೆಗಂಟು ಸೈಕಲ್ಲಿಗೆ ಕಟ್ಟಿಕೊಂಡು ಮಾಯವಾದ.

ಇಪ್ಪತ್ತೊಂದನೇ ದಿನ, ಜನನ ನೋಂದಣಿಗೆ ಅದೇ ಕೊನೆಯ ದಿನ. ಫಾರಂ ಕೌಂಟರಿನ ಮೇಲಿತ್ತು, ಹೆಸರಿನ ಜಾಗವೊಂದೇ ಖಾಲಿ. ತನ್ನ ಬಿಳಿ ಕೋಟುಗಳನ್ನು ಒಯ್ಯಲು ಬಂದಿದ್ದ ನರ್ಸಮ್ಮ ಎದುರಿಗೇ ನಿಂತಿದ್ದಳು. ಅತ್ತೆ ಪಟ್ಟಿ ಬರೆಯುವ ಪೆನ್ನನ್ನೇ ಕೈಗೆತ್ತಿಕೊಂಡರು.

"ಅದು ಅವಳ ಜೀವಮಾನದ ಕಾಗದ ಅತ್ತೆ," ಎಂದೆ.

"ನಂಗೊತ್ತಿಲ್ವಾ? ಇದ್ದದ್ದನ್ನ ಇದ್ದ ಹಾಗೆ ಕರೆದ್ರೆ ನಿಂಗ್ಯಾಕಮ್ಮಾ ಉರಿ? ನಿಮ್ಮಜ್ಜಿ ಕಥೇನೆಲ್ಲ ಗಂಟು ಕಟ್ಟಿ ತಲೆದಿಂಬು ಮಾಡ್ಕೋ. ಹೇಗೂ ಜೊಂಪು."

ನರ್ಸಮ್ಮ ಕಿಸಕ್ಕೆಂದಳು. ಆ ನಗು ಇಸ್ತ್ರಿಪೆಟ್ಟಿಗೆಯ ಹಾಗೆ ಮುಖಕ್ಕೆ ತಾಗಿತು.

ಬೆಳಿಗ್ಗೆಯಷ್ಟೇ ಮಗುವಿಗೆ ಹಾಸಲು ಅಟ್ಟದಿಂದ ಹಳೆಯ ಕಂಬಳಿಯೊಂದನ್ನು ಇಳಿಸಿದ್ದೆ. ಅದರ ಅಂಚಿನಲ್ಲೂ ಒಂದು ಪಟ್ಟಿ ಇತ್ತು. ಅಕ್ಷರ ಅತ್ತೆಯದಲ್ಲ. ಗಂಡ ನೋಡಿ ದನಿ ತಗ್ಗಿಸಿದ್ದ. ಬರೆದವಳು ಅವನ ಅಜ್ಜಿ, ಅತ್ತೆಯ ಅತ್ತೆ. ಸೊಸೆ ಬರಿಗೈಯಲ್ಲಿ ಬಂದಳು ಅಂತ ಇಟ್ಟ ಹೆಸರು. ಅಜ್ಜಿ ಸಾಯುವವರೆಗೂ ಅಮ್ಮನನ್ನು ಇಡೀ ಬೀದಿ ಹಾಗೇ ಕರೆಯುತ್ತಿತ್ತು, ದಮ್ಮಯ್ಯ ಅವಳ ಮುಂದೆ ಎತ್ತಬೇಡ ಅಂದಿದ್ದ.

"ನಿಮ್ಮನ್ನೂ ಇದ್ದ ಹಾಗೇ ಕರೀಲಾ?" ಎಂದೆ. "ಬಿಟ್ಟಿ ಅತ್ತೆ."

ನರ್ಸಮ್ಮ ಕೋಟಿನ ಗುಂಡಿಗಳನ್ನು ಪರೀಕ್ಷಿಸತೊಡಗಿದಳು. ಅತ್ತೆಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು. ಅವರು ಸರಕ್ಕನೆ ಸೆರಗು ಸರಿಮಾಡಿಕೊಂಡು ಒಳಬಾಗಿಲಿನ ಕಡೆ ತಿರುಗಿದರು, ಯಾರೋ ಅಲ್ಲಿಂದ ಕೂಗಿದ ಹಾಗೆ, ಓಗೊಡುವುದು ತಡವಾಯಿತೇನೋ ಎಂಬ ಹಾಗೆ. ಅಲ್ಲಿ ಯಾರೂ ಇರಲಿಲ್ಲ. ಹಬೆ ಮಾತ್ರ ಇತ್ತು.

ಆಮೇಲೆ ಫಾರಮನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು. "ಬರಿ."

ಬರೆದೆ. ಎರಡೇ ಅಕ್ಷರ, ತೊಳೆದರೂ ಹೋಗದ ಶಾಯಿಯಲ್ಲಿ.

ಮರುದಿನ ಮಗುವಿನ ಅಂಗಿಗಳಲ್ಲಿ ಪಟ್ಟಿಯೇ ಇರಲಿಲ್ಲ. ನನ್ನ ಬಟ್ಟೆಗಳು ಮಡಿಸಿ ಮೇಜಿನ ಮೇಲಿದ್ದವು. ಒಂದೊಂದರಿಂದಲೂ ಜೊಂಪು ಬಿಚ್ಚಿ, ಒತ್ತೊತ್ತಾದ ಹೊಲಿಗೆಯಲ್ಲಿ ಹೊಸದು ಕೂರಿಸಿದ್ದರು: ಚೂರಿ.

ಕತ್ತರಿ ಕೈಯಲ್ಲೇ ಇತ್ತು. ಕೆಳಗಿಟ್ಟೆ.