ನೂರು ಸಿ.ಸಿ.

ಪುಟ್ಟಮಾದುವಿಗೆ ಹೋದ ವರ್ಷವೇ ಸಿಟ್ಟು ಬಂದಿತ್ತು, ನುಂಗಿಕೊಂಡಿದ್ದ. ನುಂಗಿದ್ದು ಕರಗಬೇಕಲ್ಲ, ಕರಗಲಿಲ್ಲ.

ಹಂಗಳದ ಆಚೆ, ಬಸ್ಸುಗಳು ಓಡಾಟ ಬಿಟ್ಟ ಹಳೆಯ ನೇರ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಬೈಕ್ ರೇಸ್. ಸುತ್ತು ಬಳಸು ಏನಿಲ್ಲ. ಬಾವುಟ ಇಳಿದೊಡನೆ ಹೊರಟು ಆಚೆ ತುದಿಯ ಹುಣಸೆಮರವನ್ನು ಮೊದಲು ದಾಟಿದವನು ಗೆದ್ದ ಹಾಗೆ. ನಡೆಸುವವರು ಹಂಗಳದ ದೊಡ್ಡ ಮನೆಯ ಗಂಗಾಧರಸ್ವಾಮಿ, ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟವರು. ನೂರು ಸಿ.ಸಿ. ಗಾಡಿಗಳದ್ದು ಒಂದು ಕ್ಲಾಸು, ಬುಲೆಟ್ಟುಗಳದ್ದು ಇನ್ನೊಂದು. ಚಿಕ್ಕ ಕ್ಲಾಸಿನಲ್ಲಿ ಪುಟ್ಟಮಾದುವಿನ ಆರ್‌ಎಕ್ಸ್ ಬೈಕಿಗೆ ಎದುರಿಲ್ಲ. ದೊಡ್ಡ ಕ್ಲಾಸಿನ ಬಹುಮಾನದ ಕಪ್ಪು ಪ್ರತಿ ಸಲವೂ ಸ್ವಾಮಿಯವರ ಮಗ ಶಿವಶಂಕರನಿಗೆ. ಬುಲೆಟ್ಟು ಮೈಮುರಿದು ಏಳುವುದರೊಳಗೆ ಆರ್‌ಎಕ್ಸ್ ಹುಣಸೆಮರ ಮುಟ್ಟಿರುತ್ತದೆ ಎಂಬುದು ಅಲ್ಲಿ ನಿಂತವರಿಗೆಲ್ಲ ಗೊತ್ತು, ಸ್ವಾಮಿಯವರಿಗೂ ಗೊತ್ತು. ಗೊತ್ತಿದ್ದೇ ಎರಡು ಕ್ಲಾಸು ಮಾಡಿದ್ದರು, ಬುದ್ಧಿವಂತರು.

ಕೆಲಸಕ್ಕಿದ್ದ ಚಾಮರಾಜನಗರದ ಕರೆಂಟ್ ಆಫೀಸಿನಲ್ಲಿ ಪುಟ್ಟಮಾದುವನ್ನು 'ಪುಟ್ಟಮಾದು ಅವರೇ' ಎನ್ನುತ್ತಿದ್ದರು. ಸಂಜೆ ಊರಿಗೆ ಬಂದರೆ ದೊಡ್ಡ ಮನೆಯ ಮುಂದೆ ಅವನು ಬರೀ 'ಲಾ'. ಅವನಪ್ಪ, ಅವನಜ್ಜ ಆ ಮನೆಯವರನ್ನು ಕರೆದದ್ದು 'ಬುದ್ದಿ' ಎಂದು, ಆಳು ಒಡೆಯನನ್ನು ಕರೆದ ಹಾಗೆ. ಇವನೂ ಹಾಗೇ ಕರೆಯುತ್ತಿದ್ದ.

"ಬುದ್ದಿ, ಈ ಸಲ ನಾನು ದೊಡ್ ಕ್ಲಾಸಲ್ಲಿ ಓಡುಸ್ತೀನಿ" ಎಂದು ಹೋದ ವರ್ಷದಂತೆ ಈ ವರ್ಷವೂ ಕೇಳಿದ.

"ನೂರು ಸಿ.ಸಿ. ನೂರರಲ್ಲೇ ಇರ್ಬೇಕು ಕಣ್ಲಾ" ಎಂದರು ಸ್ವಾಮಿ. ಸುತ್ತಲಿದ್ದವರು ನಕ್ಕರು. ಸ್ವಾಮಿ ಆಡಿದ್ದು ಗಾಡಿಯ ಮಾತಲ್ಲವೆಂದು ನಕ್ಕವರಿಗೂ ತಿಳಿದಿತ್ತು.

ಪುಟ್ಟಮಾದು ಮತ್ತೆ ನುಂಗಿಕೊಂಡು ಚಿಕ್ಕ ಕ್ಲಾಸಿನ ಗೆರೆಗೆ ಬಂದ. ಬಂದು ನೋಡಿದರೆ ಪಕ್ಕದಲ್ಲಿ ಹೊಸ ಆರ್‌ಎಕ್ಸ್, ಅದರ ಮೇಲೆ ಶಿವಶಂಕರ. ಅವನಿಗೆ ಎರಡು ಕಪ್ಪೂ ಬೇಕಂತೆ. ಅವರು ಬುಲೆಟ್ ಕ್ಲಾಸಿನವರಲ್ಲವೇ ಎಂದು ಪುಟ್ಟಮಾದು ಕೇಳಿದ್ದಕ್ಕೆ, ಬಾವುಟ ಹಿಡಿದಿದ್ದ ಚಿಕ್ಕಬಸವಯ್ಯ ನೆಲ ನೋಡಿಕೊಂಡು, ಅವರು ಯಾವುದಕ್ಕೆ ಬೇಕಾದರೂ ಇಳಿಯಬಹುದಂತೆ ಎಂದ.

ಪುಟ್ಟಮಾದುವಿನ ಮೈ ಉರಿದುಹೋಯಿತು. ಇವರು ಇಳಿಯುವುದಕ್ಕೆ ಅಪ್ಪಣೆ ಬೇಡ, ನಾನು ಏರುವುದಕ್ಕೆ ಮಾತ್ರ ಬೇಕೋ? ಗೆದ್ದೇ ಗೆಲ್ಲುತ್ತಿದ್ದ ಕಪ್ಪನ್ನು ಅಲ್ಲೇ ಬಿಟ್ಟು ಗಾಡಿ ತಿರುಗಿಸಿದ.

ಆ ಕಪ್ಪು ಶಿವಶಂಕರನಿಗೆ ಸುಲಭವಾಗಿ ಸಿಕ್ಕಿತು. ಆಮೇಲೆ ಅವನು ಬುಲೆಟ್ ಹತ್ತಿ ದೊಡ್ಡ ಕ್ಲಾಸಿನ ಗೆರೆಗೆ ಬಂದು ನಿಂತ. ಬಾವುಟ ಮೇಲೆದ್ದಿತ್ತು. ಪುಟ್ಟಮಾದು ಜನರನ್ನು ಸೀಳಿಕೊಂಡು ಬಂದು ಅವನ ಪಕ್ಕಕ್ಕೇ ಗಾಡಿ ನುಗ್ಗಿಸಿದ. ಚಿಕ್ಕಬಸವಯ್ಯ ಒಂದು ಗಳಿಗೆ ಅನುಮಾನಿಸಿದ. ಆಮೇಲೆ ಅದೇನು ಅನ್ನಿಸಿತೋ, ಬಾವುಟ ಇಳಿಸಿಯೇಬಿಟ್ಟ.

ಹುಣಸೆಮರ ದಾಟಿ ಪುಟ್ಟಮಾದು ಹಿಂತಿರುಗಿ ನೋಡಿದಾಗ ಬುಲೆಟ್ಟು ಇನ್ನೂ ಗುಡುಗುತ್ತ ಬರುತ್ತಿತ್ತು.

ಸ್ವಾಮಿಯವರ ಮುಖ ಕೆಂಪೇರಿತ್ತು. ಇವನ ಓಟ ಲೆಕ್ಕಕ್ಕಿಲ್ಲವೆಂದು ಕೂಗಿ ಹೇಳಿ ಎರಡನೆಯ ಕಪ್ಪನ್ನೂ ಮಗನ ಕೈಗೇ ಇಟ್ಟರು. ಆಮೇಲೆ ಪುಟ್ಟಮಾದುವಿನ ಕಡೆ ತಿರುಗಿದರು.

"ಯಾರ್ನ ಕೇಳಿ ಓಡುಸ್ದೆಲಾ?"

ಅವನು ಗಾಡಿಯಿಂದ ಇಳಿಯಲಿಲ್ಲ.

"ನಿಮ್ಮಗ ಯಾರ್ನ ಕೇಳಿ ನೂರುಕ್ಕೆ ಇಳುದ್ರೋ ಅವರ್ನೇ ಕೇಳ್ದೆ, ಗಂಗಾಧರಸ್ವಾಮಿಯವ್ರೇ."

ಹೆಸರು ಹಿಡಿದು ಕರೆದದ್ದು ಕೇಳಿ ಜನ ಒಂದು ಹೆಜ್ಜೆ ಹಿಂದೆ ಸರಿದರು. ಕಪ್ಪು ಹಿಡಿದ ಶಿವಶಂಕರ ಅಪ್ಪನ ಮುಖ ನೋಡಿದ. ಅಪ್ಪ ಇನ್ನೂ ಕಾಯುತ್ತ ನಿಂತಿದ್ದರು, ಮಾತಿನ ಕೊನೆಗಾದರೂ 'ಬುದ್ದಿ' ಬಂದೀತೆಂದು. ಪುಟ್ಟಮಾದು ಕಿಕ್ಕರ್ ಒದ್ದು ಹೊರಟುಹೋದ.