ನೆಲಕ್ಕೆ ಬಿದ್ದ ಅಂಜೂರ

“ಕಾಲು ಮೊದಲು! ಕಾಲಿನ ಕಡೆ ಮೊದಲು ಇಳಿಸಿ!” ಕೆಳಮನೆಯ ಎಲೆಕ್ಟ್ರಿಷಿಯನ್ ಕೂಗಿದ. ಮೂರನೇ ಮಹಡಿಯ ಇಕ್ಕಟ್ಟು ಮೆಟ್ಟಿಲಿನ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ತಲೆಯ ಕಡೆ ಹಿಡಿದಿದ್ದವನು ಸತ್ತವಳ ಗಂಡ, ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ಅಷ್ಟೊಂದು ಯಂತ್ರಗಳನ್ನು ಎತ್ತಿ ಇಳಿಸಿದ ಕೈಗೆ ಈಗ ಯಾವ ಕಡೆ ತಿರುಗಿಸಬೇಕೆಂದೇ ತೋಚಲಿಲ್ಲ.

“ಗೋಡೆ ಹತ್ತೋ ವಯಸ್ಸೇನ್ರೀ ಅದು?” ಮೇಲಿನಿಂದ ಯಾರೋ ಪಿಸುಗುಟ್ಟಿದರು. “ಹಣ್ಣಜ್ಜಿಗೆ ಹಣ್ಣಿನ ಹುಚ್ಚೇ ಮುಳುವಾಯ್ತು.”

*

ಗಿರಣಿ ಮುಚ್ಚಿದ ವರ್ಷ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಒಂದು ಮಧ್ಯಾಹ್ನ ಅವಳು ಮಡಿಲ ತುಂಬ ಅಂಜೂರ ತಂದು ಅವನ ತಲೆದೆಸೆಯಲ್ಲಿ ಸುರಿದಳು.

“ಯಾರದ್ದೇ ಇವು?”

“ಮರದ್ದು. ಎದ್ದು ತಿನ್ನಿ.”

ಎದ್ದ, ತಿಂದ. ಆಮೇಲೆ ಬೇರೆ ಕೆಲಸ ಸಿಕ್ಕಿತು. ಹೊಟ್ಟೆಬಟ್ಟೆಗೆ ಕೊರತೆಯಿಲ್ಲದಾಯಿತು. ಅವಳ ಅಲೆದಾಟ ಮಾತ್ರ ನಿಲ್ಲಲಿಲ್ಲ. ಬಸ್ ಡಿಪೋ ಹಿಂದಿನ ಹಿಪ್ಪುನೇರಳೆ, ಆಸ್ಪತ್ರೆ ಅಂಗಳದ ಪೇರಲ, ಪಾಳುಬಂಗಲೆಯ ಅಂಜೂರ, ಹೀಗೆ ನೆಲಕ್ಕೆ ಉದುರಿ ಊರೆಲ್ಲ ತುಳಿದುಕೊಂಡು ಹೋಗುವುದನ್ನು ಆಯ್ದು ತಂದು ಮನೆಮನೆಗೂ ಹಂಚುತ್ತಿದ್ದಳು. “ಕೊಳೆತು ಹೋಗೋ ಬದಲು ಒಂದು ಬಾಯಿಗಾದರೂ ಬೀಳಲಿ” ಎನ್ನುತ್ತಿದ್ದಳು.

*

ಮಣ್ಣು ಮಾಡಿ ಬಂದ ಮೇಲೆ ನೀರು ಕುಡಿಯಲು ಹೋದವನು ಅಡುಗೆಮನೆಯ ಬಾಗಿಲಲ್ಲೇ ನಿಂತ. ಒಳಗೆ ಅವನ ತಂಗಿಯ ಮುಂದೆ ಎಲೆಕ್ಟ್ರಿಷಿಯನ್ ಹೆಂಡತಿ ಅಳುತ್ತಿದ್ದಳು.

“ನಾವ್ಯಾರೂ ತಿಂತಿರ್ಲಿಲ್ಲ ಅಕ್ಕಾ. ರಸ್ತೆ ಧೂಳು, ನಾಯಿ ಮೂಸಿದ್ದು... ಎದುರಿಗೆ ‘ಜೇನಿದ್ದ ಹಾಗಿದೆ ಅಜ್ಜಿ’ ಅಂತಿದ್ವಿ. ಆಮೇಲೆ ಕಸದ ಡಬ್ಬಕ್ಕೆ. ಮೊನ್ನೆ ಅಜ್ಜಿ ಡಬ್ಬ ನೋಡ್ಬಿಟ್ರು.”

“ಅತ್ತಿಗೆ ಏನಂದ್ರು?”

“ಬೈಲಿಲ್ಲ. ತಪ್ಪು ಅವರದ್ದೇ ಅನ್ನೋ ಹಾಗೆ ನಾಚ್ಕೊಂಡ್ರು. ‘ನೆಲದ್ದು ಯಾರಿಗೆ ರುಚಿಸುತ್ತೆ ಬಿಡಮ್ಮ, ನಾಳೆ ಕೊಂಬೆಯಿಂದಲೇ ಕಿತ್ತು ತರ್ತೀನಿ’ ಅಂದ್ರು. ಮಾರನೇ ದಿನವೇ...”

ತಂಗಿ ತಲೆಯೆತ್ತಿದಳು. “ಅಣ್ಣಾ...”

ಎಷ್ಟೋ ವರ್ಷಗಳಿಂದ ಅವನೂ “ಇಟ್ಟಿರು, ಆಮೇಲೆ ತಿಂತೀನಿ” ಎನ್ನುತ್ತಾ ಬಂದವನೇ. ಚಪ್ಪಲಿ ಮೆಟ್ಟಿಕೊಂಡು ಹೊರಟ.

ಪಾಳುಬಂಗಲೆಯ ಗೋಡೆಗೆ ಏಣಿ ಹಾಕಿತ್ತು. ಅವಳು ಜಾರಿದ ಜಾಗದಲ್ಲೇ ಗಾರೆಕೆಲಸದವನೊಬ್ಬ ಹಸಿ ಸಿಮೆಂಟಿನಲ್ಲಿ ಒಡೆದ ಗಾಜು ನೆಡುತ್ತಿದ್ದ.

“ಏನು ಬೇಕಿತ್ತು ಯಜಮಾನ್ರೇ?”

“ಏನಿಲ್ಲಪ್ಪ.”

“ಆಚೆ ನಿಂತ್ಕೊಳ್ಳಿ, ಗಾಜು ಸಿಡಿಯುತ್ತೆ. ಯಾರೋ ಮುದುಕಿ ಬಿದ್ದು ಸತ್ಳಂತೆ. ಇಷ್ಟು ವರ್ಷ ಈ ಕಡೆ ತಲೆ ಹಾಕದ ಮಾಲೀಕರಿಗೆ ಈಗ ಗೋಡೆ ನೆನಪಾಗಿದೆ.”

ಮೇಲಿನಿಂದ ಕಳಿತ ಅಂಜೂರವೊಂದು ಕಳಚಿ ಬಿದ್ದು ಗಾಜಿನ ಮೊನೆಗೆ ಸಿಕ್ಕಿಕೊಂಡಿತು. ಕೆಂಪು ತಿರುಳು ಹಸಿ ಸಿಮೆಂಟಿಗೆ ಇಳಿಯಿತು. ಗಾರೆಯವನು ಕರಣೆಯ ತುದಿಯಿಂದ ಅದನ್ನು ಕೆರೆದು ಚಿಮ್ಮಿ, ಆ ಜಾಗಕ್ಕೆ ಇನ್ನಷ್ಟು ಸಿಮೆಂಟು ಮೆತ್ತಿ ನುಣುಪು ಮಾಡಿದ.