ಎಳೆಯಷ್ಟು ತಾಮ್ರ

"ದಿನಾ ಮೋಟರಿಗೆ ತಂತಿ ಸುತ್ತಿ ಸಾಕಾಗಿಲ್ಲ ನನ್ನ ತಮ್ಮಂಗೆ. ಹೆಂಡ್ತಿ ಹೊಟ್ಟೆಗೂ ಹಾಕಿಸ್ಕೊಂಡು ಬಂದಿದಾನೆ, ಗಂಡಸು," ಎಂದು ಅಣ್ಣ ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ ಹೇಳಿದ. ಪಂಪು ರಿಪೇರಿಗೆ ತಂದಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಇನ್ನೊಬ್ಬ ನಗು ತಡೆಯಲು ಕೆಮ್ಮಿದ.

ಅರ್ಧ ಸುತ್ತಿದ ತಂತಿಯ ಕಾಯಿಲು ಹಿಡಿದು ಕೂತಿದ್ದ ತಮ್ಮನ ಕಿವಿ ಕೆಂಪಾಯಿತು. ಮನೆಯೊಳಗಿನ ಮಾತು ಇಲ್ಲಿಗೆ ಬಂದದ್ದು ಅಮ್ಮನ ಬಾಯಿಂದ, ಇನ್ನೆಲ್ಲಿಂದ?

ಎರಡನೇ ಹೆರಿಗೆಯಲ್ಲಿ ಹೆಂಡತಿ ಸತ್ತು ಬದುಕಿದ್ದಳು. ಮೂರು ವರ್ಷ ಇನ್ನೊಂದು ಬಸಿರು ಬೇಡವೇ ಬೇಡ ಎಂದು ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ದಿನಾ ಮಾತ್ರೆ ನೆನಪಿಡುವುದು ತನ್ನಿಂದಾಗದು ಎಂದು, ತಾಮ್ರದ ಎಳೆ ಸುತ್ತಿ ಗರ್ಭಕೋಶದೊಳಗಿಡುವ ಕಾಪರ್-ಟಿ ಕೇಳಿದವಳು ಹೆಂಡತಿಯೇ. ಹಾಕಿಸಿ ಆರು ವಾರವಾಗಿತ್ತು. ಮುಟ್ಟು ಜಾಸ್ತಿ ಹೋಯಿತು, ಹೊಟ್ಟೆ ಹಿಂಡಿತು. ಮೊದಲ ಕೆಲವು ತಿಂಗಳು ಹೀಗಾಗಬಹುದು, ಬರಬರುತ್ತ ಕಡಿಮೆಯಾಗುತ್ತದೆ ಎಂದು ಮೊದಲೇ ಹೇಳಿ ಕಳಿಸಿದ್ದರು. ಅಮ್ಮನದು ಮಾತ್ರ ಆ ಕಾಪರ್-ಟಿ ಎದೆಗೇರುತ್ತದೆ ಎಂದು ದಿನಾ ರಂಪ. ಇವತ್ತು ಹನ್ನೊಂದಕ್ಕೆ ತಪಾಸಣೆಯಿತ್ತು. ಅದನ್ನು ತೆಗೆಸಿಯೇ ಬರುತ್ತೇನೆಂದು ಅಮ್ಮನೂ ಸೀರೆಯುಟ್ಟು ಹೊರಟಿದ್ದಳು. "ನೀವು ಪಕ್ಕದಲ್ಲಿಲ್ದಿದ್ರೆ ಅತ್ತೆ ಮುಂದೆ ನನ್ನ ಬಾಯಿಂದ ಮಾತೇ ಹೊರಡಲ್ಲ," ಎಂದು ಹೆಂಡತಿ ಬೆಳಿಗ್ಗೆ ಹೇಳಿದ್ದಳು.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ಮೂಲೆಯ ಗುಜರಿ ರಾಶಿಯಿಂದ, ನೀರು ಕುಡಿದು ಸತ್ತ ಮೋಟರಿನ ತಂತಿ ಎಳೆದು ಎಲ್ಲರಿಗೂ ತೋರಿಸಿದ. ಮೈತುಂಬ ಹಸಿರು ಕಿಲುಬು. "ತಾಮ್ರದ ಜಾತಕ ನಮಗೆ ಹೇಳ್ಕೊಡ್ತಾರಾ ಡಾಕ್ಟ್ರು? ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಒದ್ದೇಲಿಟ್ರೆ ಹಿಂಗೇ ಆಗೋದು."

ಗಿರಾಕಿಗಳು ಹೌದೆಂದು ತಲೆಯಾಡಿಸಿದರು. ತಮ್ಮನಿಗೆ ಅದೇ ಉರಿ. ಒಳಗಿನ ತಾಮ್ರ ಕಿಲುಬು ಹಿಡಿದು ವಿಷವಾಗದೇ ಎಂದು ಅವನೇ ಡಾಕ್ಟರಮ್ಮನಿಗೆ ಕೇಳಿದ್ದ. ಅವರು ನಕ್ಕಿರಲಿಲ್ಲ. ಆ ತಾಮ್ರ ಬಿಡುವುದು ಕಣ್ಣಿಗೆ ಕಾಣದಷ್ಟು, ವಿಷವಾಗುವಷ್ಟಲ್ಲ, ಬಸಿರು ತಡೆಯುವುದೇ ಅದು, ಹತ್ತು ವರ್ಷ ಬೇಕಾದರೂ ಇರಲಿ, ತೆಗೆಸಿದ ಮೇಲೆ ಮತ್ತೆ ಮಗುವಾಗುತ್ತದೆ ಎಂದು ಬಿಡಿಸಿ ಹೇಳಿದ್ದರು. ಅಲ್ಲಿ ಎಲ್ಲ ತಲೆಗೆ ಹೋಗಿತ್ತು. ಇಲ್ಲಿ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ನಾಲಿಗೆ ಹೊರಳಲಿಲ್ಲ.

"ಅದು ಮೋಟರಲ್ಲ ಅಣ್ಣಾ, ಅದು..." ಎಂದಷ್ಟೇ ಬಂತು.

"ಮತ್ತೇನು, ಜನರೇಟರ್ರಾ?"

ಈ ಸಲ ಕೆಮ್ಮಿದವನೂ ನಕ್ಕ.

ಗಂಟೆ ಹತ್ತೂ ಮುಕ್ಕಾಲು. ತಮ್ಮ ಕಾಯಿಲನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು ಎದ್ದ.

"ಹೋಗ್ತಿದೀಯಲ್ಲ, ತೆಗೆಸ್ಕೊಂಡೇ ಬಾ. ಇಲ್ಲಾಂದ್ರೆ ಈ ಅಂಗಡಿ ಮೆಟ್ಲು ಹತ್ಬೇಡ. ಕೇಳಿಸ್ತೇನೋ?"

ಕೇಳಿಸಿತ್ತು. ಅವನು ಚಪ್ಪಲಿ ಮೆಟ್ಟಿ, ತಿರುಗಿಯೂ ನೋಡದೆ, ಹೆಂಡತಿಯ ಪಕ್ಕ ನಿಲ್ಲಲು ಆಸ್ಪತ್ರೆಯ ಕಡೆ ದಾಪುಗಾಲು ಹಾಕಿದ.